ಕೂಡಿಸಿ ಏರುವ ಆಟ, ಕಳೆದು ಏರುವ ದಾರಿ

ಪರಿಗ್ರಹ ಎಂಬ ಮಾತು ಕಿವಿಗೆ ಬಿದ್ದೊಡನೆ ಶ್ರಾವಕರ ಮನಸ್ಸು ಹೊಲ, ಮನೆ, ಬಂಗಾರ, ಬ್ಯಾಂಕಿನ ಠೇವಣಿಗಳ ಕಡೆಗೆ ಹೊರಳುವುದು ಸಹಜ. ಕಣ್ಣಿಗೆ ಕಾಣುವ, ಕೈಗೆ ಸಿಗುವ, ತೂಕಕ್ಕೆ ಬರುವ ವಸ್ತುಗಳನ್ನೇ ಪರಿಗ್ರಹವೆಂದು ಎಣಿಸುವುದು ಲೋಕರೂಢಿ. ಹಾಗಾದರೆ ಯಾರ ಕೈಗೂ ಸಿಗದ, ಗುಲಗಂಜಿಯಷ್ಟೂ ತೂಗದ, ಯಾವ ಪೇಟೆಯಲ್ಲಿಯೂ ಚಲಾವಣೆಯಾಗದ ಬಂಗಾರದ ನಾಣ್ಯವೊಂದಿದ್ದರೆ ಅದನ್ನು ಪರಿಗ್ರಹವೆನ್ನಬಹುದೇ? ಅದನ್ನು ಕೂಡಿಡುವವನಿಗೆ ಕರ್ಮಬಂಧ ಉಂಟೇ? ಈ ಪ್ರಶ್ನೆ ಪಂಡಿತರ ವಾದಕ್ಕಷ್ಟೇ ಸೀಮಿತವಾದುದಲ್ಲ. ಇಂದು ಮನೆಮನೆಯ ಪಡಸಾಲೆಯಲ್ಲಿ, ಎಳೆಯ ಕೈಗಳ ನಡುವೆ, ಈ ನಾಣ್ಯ ದಿನವೂ ಮಿನುಗುತ್ತಿದೆ.

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮೂಡಣಕ್ಕೆ ಹರಿಯುತ್ತ ಉಣಿಸುವ ಸೀಮೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಜೋಳ, ಹತ್ತಿ, ಕಬ್ಬು ಬೆಳೆಯುವ ಈ ನೆಲದಲ್ಲಿ ಒಕ್ಕಲುತನವನ್ನೇ ನಂಬಿದ ಜೈನ ಮನೆತನಗಳು ತಲೆಮಾರುಗಳಿಂದ ಬಾಳಿಕೊಂಡು ಬಂದಿವೆ. ಹೊತ್ತು ಮುಳುಗುವ ಮೊದಲೇ ಉಣ್ಣುವುದು, ನೀರನ್ನು ಸೋಸಿ ಕುಡಿಯುವುದು, ಅಷ್ಟಮಿ ಚತುರ್ದಶಿಗಳನ್ನು ಪಾಲಿಸುವುದು ಇಲ್ಲಿ ಯಾರೂ ಪಾಠ ಹೇಳಿ ಕಲಿಸಿದ್ದಲ್ಲ. ಹಿರಿಯರನ್ನು ನೋಡಿ ಕಿರಿಯರು ಕಲಿತದ್ದು. ಅಂಥ ಮನೆಗಳಲ್ಲಿಯೇ ಈಗ ರಜೆಯ ದಿನಗಳ ಸಂಜೆ ಹೊಸ ಮಾತೊಂದು ಕೇಳಿಬರುತ್ತದೆ. “ಉಣ್ಣಾಕ ಬಾರೋ ತಮ್ಮಾ, ಹೊತ್ತ ಮುಳಗಾಕತ್ತೈತಿ” ಎಂದು ಆಯಿ ಕರೆದರೆ, “ತಡಿ ಆಯಿ, ಇನ್ನ ಎರಡ ನಾಣ್ಯ ಉಳದಾವ” ಎಂಬ ಉತ್ತರ. ಆ ಎರಡು ನಾಣ್ಯ ಸಿಗುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಇಲ್ಲದ ನಾಣ್ಯ ಇರುವ ನಿಯಮವನ್ನು ಮುರಿದಿರುತ್ತದೆ.

ಆಟದ ಒಳಗೆ ಏನಿದೆ?

ಈ ಬಗೆಯ ವಿಡಿಯೊ ಗೇಮನ್ನು ಕಾಣದ ಹಿರಿಯರಿಗೆ ಅದರ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಉಚಿತ. ಪರದೆಯ ಮೇಲೆ ಪುಟ್ಟ ಪಾತ್ರವೊಂದು ಓಡುತ್ತದೆ. ದಾರಿಯುದ್ದಕ್ಕೂ ಮೇಲೆ ಕೆಳಗೆ ಕಟ್ಟೆಗಳು, ಹಲಗೆಗಳು, ಕಂದಕಗಳು. ಒಂದು ಕಟ್ಟೆಯಿಂದ ಮತ್ತೊಂದಕ್ಕೆ ಜಿಗಿಯುತ್ತ ಅಲ್ಲಲ್ಲಿ ತೇಲುವ ನಾಣ್ಯ, ನಕ್ಷತ್ರ, ಉಂಗುರ, ಹಣ್ಣುಗಳನ್ನು ಆರಿಸಿಕೊಳ್ಳುತ್ತ ಮುಂದೆ ಸಾಗಬೇಕು. ಪರದೆಯ ಮೂಲೆಯಲ್ಲಿ ಒಂದು ಅಂಕಿ ಏರುತ್ತಲೇ ಇರುತ್ತದೆ. ಜಪಾನಿನ ನಿಂಟೆಂಡೊ ಕಂಪನಿ 1985ರಲ್ಲಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಈ ಜಾತಿಯ ಆಟಗಳನ್ನು ಲೋಕವ್ಯಾಪಿಯಾಗಿಸಿತು. ಅದರಲ್ಲಿ 100 ನಾಣ್ಯ ಕೂಡಿದರೆ ಒಂದು ಹೆಚ್ಚುವರಿ ಜೀವ ದೊರೆಯುತ್ತದೆ. ಒಡನೆಯೇ ಎಣಿಕೆ ಮತ್ತೆ ಸೊನ್ನೆಗೆ ಇಳಿಯುತ್ತದೆ. ಕೂಡಿಸಿದವನು ಪುನಃ ಮೊದಲಿನಿಂದ ಕೂಡಿಸಲು ತೊಡಗುತ್ತಾನೆ.

ಮುಂದೆ ಬಂದ ಆಟಗಳು ಈ ಕೂಡಿಸುವಿಕೆಯನ್ನೇ ಹಿಗ್ಗಿಸಿದವು. 1996ರ ‘ಸೂಪರ್ ಮಾರಿಯೊ 64’ರಲ್ಲಿ ಒಟ್ಟು 120 ನಕ್ಷತ್ರಗಳಿವೆ. ಕೊನೆಯ ಬಾಗಿಲು ದಾಟಲು 70 ಸಾಕು. ಉಳಿದ 50 ನಕ್ಷತ್ರಗಳು ಗುರಿಗೆ ಬೇಕಾದವಲ್ಲ. ಅವು ಇವೆ ಎಂಬ ಕಾರಣಕ್ಕೆ ಬೇಕೆನಿಸುವವು. 1999ರ ‘ಡಾಂಕಿ ಕಾಂಗ್ 64’ ಇನ್ನೂ ಮುಂದೆ ಹೋಯಿತು. ಅದರಲ್ಲಿ 201 ಬಂಗಾರದ ಬಾಳೆಹಣ್ಣುಗಳು. ಅವಲ್ಲದೆ ಐದು ವಾನರ ಪಾತ್ರಗಳಿಗೆ ಐದು ಬಣ್ಣದ ಸಾವಿರಾರು ಹಣ್ಣುಗಳು. ಒಬ್ಬನ ಬಣ್ಣದ ಹಣ್ಣನ್ನು ಇನ್ನೊಬ್ಬನು ಆರಿಸುವಂತಿಲ್ಲವಾದ್ದರಿಂದ ನಡೆದ ದಾರಿಯನ್ನೇ ಐದೈದು ಸಲ ನಡೆಯಬೇಕು. ಎಲ್ಲವನ್ನೂ ಕೂಡಿಸಿದವನಿಗೆ ಪರದೆ ತೋರಿಸುವ ಅಂಕಿ ನೂರಕ್ಕೆ ನೂರಲ್ಲ, ನೂರಕ್ಕೆ ನೂರೊಂದು. ಪೂರ್ಣವಾದ ಮೇಲೂ ಇನ್ನೊಂದು ಉಳಿದಿರಬೇಕೆಂಬ ಆಸೆಗೆ ಇದಕ್ಕಿಂತ ನೇರವಾದ ಗುರುತು ಸಿಗಲಾರದು. ಹಳ್ಳಿಯ ಮೊಬೈಲುಗಳಲ್ಲಿ ಹೆಚ್ಚು ಕಾಣುವ, 2012ರಲ್ಲಿ ಬಂದ ‘ಸಬ್‌ವೇ ಸರ್ಫರ್ಸ್’ ಆಟದಲ್ಲಂತೂ ಓಟಕ್ಕೆ ಕೊನೆಯೆಂಬುದೇ ಇಲ್ಲ. ಓಡುವ ಹುಡುಗ ಎಡವಿ ಸಿಕ್ಕಿಬಿದ್ದಾಗಲೇ ಆಟ ನಿಲ್ಲುವುದು. ನಿಂತೊಡನೆ ಇನ್ನೊಂದು ಓಟಕ್ಕೆ ಕರೆ ಬರುವುದು.

ಹೊರಗಿನ ಹತ್ತು, ಒಳಗಿನ ಹದಿನಾಲ್ಕು

ಜೈನಾಚಾರ್ಯರು ಪರಿಗ್ರಹವನ್ನು 24 ವಿಧವಾಗಿ ವಿಂಗಡಿಸಿದ್ದಾರೆ. ಹೊರಗಿನವು 10: ಹೊಲ, ಮನೆ, ಬೆಳ್ಳಿ, ಬಂಗಾರ, ಪಶುಧನ, ಧಾನ್ಯ, ದಾಸಿ, ದಾಸ, ಬಟ್ಟೆಬರೆ, ಪಾತ್ರೆಪಡಗ. ಒಳಗಿನವು 14: ಮಿಥ್ಯಾತ್ವ, ಕ್ರೋಧ, ಮಾನ, ಮಾಯೆ, ಲೋಭ, ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು. ಆಟದ ನಾಣ್ಯವನ್ನು ಹೊರಗಿನ ಹತ್ತರಲ್ಲಿ ಎಲ್ಲಿ ಹುಡುಕಿದರೂ ಅದು ಸಿಗುವುದಿಲ್ಲ. ಹೆಸರಿಗೆ ಬಂಗಾರವಾದರೂ ಅದು ಬೆಳಕಿನ ಚುಕ್ಕೆ. ಮೊಬೈಲಿನ ಬ್ಯಾಟರಿ ಮುಗಿದರೆ ಅದೂ ಮುಗಿಯಿತು. ಆದರೆ ಒಳಗಿನ ಹದಿನಾಲ್ಕರ ಪಟ್ಟಿಯನ್ನು ತೆರೆದರೆ ಅಲ್ಲಿ ಅದಕ್ಕೆ ಹಲವು ಮನೆಗಳುಂಟು. ಕಂಡ ನಾಣ್ಯ ಬೇಕೆನಿಸುವುದು ಲೋಭ. ಸಿಕ್ಕಾಗ ಹಿಗ್ಗುವುದು ಹಾಸ್ಯ, ರತಿ. ಗೆಳೆಯನಿಗಿಂತ ತನ್ನ ಅಂಕಿ ಹೆಚ್ಚೆಂದು ಬೀಗುವುದು ಮಾನ. ಕರೆದವರ ಮೇಲೆ ಸಿಡುಕುವುದು ಕ್ರೋಧ. ಕೂಡಿಸಿದ್ದು ಅಳಿಸಿಹೋದಾಗ ಬಿಕ್ಕುವುದು ಶೋಕ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಮಾತನ್ನೇ ಎತ್ತಲಿಲ್ಲ, ಮೂರ್ಛೆಯೇ ಪರಿಗ್ರಹವೆಂದರು. ಇದು ನನ್ನದೆಂದು ಅಂಟಿಕೊಳ್ಳುವ ಭಾವವೇ ಅವರ ದೃಷ್ಟಿಯಲ್ಲಿ ಮೂರ್ಛೆ. ಕನ್ನಡದ ಆಡುಮಾತಿನಲ್ಲಿ ಮೂರ್ಛೆಯೆಂದರೆ ಎಚ್ಚರ ತಪ್ಪುವುದು. ಎರಡು ಅರ್ಥಗಳೂ ಇಲ್ಲಿ ಒಂದಾಗುತ್ತವೆ. ಮೂರ್ಛೆ ಹೋದವನಿಗೆ ಕರೆದದ್ದು ಕೇಳಿಸದು, ಹೊತ್ತು ಹೋದದ್ದು ತಿಳಿಯದು, ಹಸಿವು ಬಾಯಾರಿಕೆಗಳ ನೆನಪಾಗದು. ಪರದೆಯಲ್ಲಿ ನೆಟ್ಟ ಕಣ್ಣಿಗೂ ಇದೇ ಸ್ಥಿತಿ. ವಸ್ತುವಿನ ಸೋಂಕೇ ಇಲ್ಲದೆ ಬರಿಯ ಮೂರ್ಛೆ ಹೇಗಿರುತ್ತದೆ ಎಂಬುದನ್ನು ಈ ಆಟಗಳು ಬಿಡಿಸಿ ತೋರಿಸುತ್ತವೆ. ಹೊಲದ ಮೇಲಿನ ಆಸೆಗೆ ಹೊಟ್ಟೆಪಾಡಿನ ನೆಪವಿದೆ, ಬಂಗಾರದ ಮೇಲಿನ ಆಸೆಗೆ ಮಗಳ ಮದುವೆಯ ನೆಪವಿದೆ. ಆಟದ ನಾಣ್ಯಕ್ಕೆ ಯಾವ ನೆಪವೂ ಇಲ್ಲ. ಆದರೂ ಬೇಕು. ಆಚಾರ್ಯರು ವಸ್ತುವನ್ನು ಬಿಟ್ಟು ಭಾವದ ಮೇಲೆ ಬೆರಳಿಟ್ಟದ್ದು ಏಕೆಂಬುದು ಇಲ್ಲಿ ಅರ್ಥವಾಗುತ್ತದೆ.

ಹಗೇವಿಗೆ ತಳವುಂಟು

ಗೃಹಸ್ಥನು ಏನನ್ನೂ ಕೂಡಿಡಬಾರದೆಂದು ಜೈನಧರ್ಮ ಹೇಳಿಲ್ಲ. ಸರ್ವಸಂಗ ಪರಿತ್ಯಾಗ ಮುನಿಗಳ ಮಹಾವ್ರತ. ಶ್ರಾವಕನಿಗೆ ಹೇಳಿದ್ದು ಪರಿಗ್ರಹ ಪರಿಮಾಣವೆಂಬ ಐದನೆಯ ಅಣುವ್ರತ. ಪರಿಮಾಣವೆಂದರೆ ಅಳತೆ. ಬೇಕಾದಷ್ಟನ್ನು ಮೊದಲೇ ಗೊತ್ತುಮಾಡಿಕೊಂಡು ಅದರಾಚೆ ಆಸೆಯನ್ನು ಹರಿಯಗೊಡದಿರುವುದು ಈ ವ್ರತದ ತಿರುಳು. ಉತ್ತರ ಕರ್ನಾಟಕದ ಒಕ್ಕಲಿಗನಿಗೆ ಇದು ಹೊಸ ಮಾತಲ್ಲ. ಜೋಳವನ್ನು ತುಂಬಿಡುತ್ತಿದ್ದ ಹಗೇವಿಗೆ ಬಾಯಿಯೂ ಉಂಟು, ತಳವೂ ಉಂಟು. ಇಷ್ಟು ಚೀಲ ಹಿಡಿಯುತ್ತದೆಂಬುದು ಮನೆಯವರಿಗೆಲ್ಲ ಗೊತ್ತು. ತುಂಬಿದ ಮೇಲೆ ಬಾಯಿ ಮುಚ್ಚಲೇಬೇಕು; ಮಿಕ್ಕದ್ದು ದಾನಕ್ಕೋ ಪೇಟೆಗೋ ಹೋಗಲೇಬೇಕು. ಪರದೆಯ ಮೂಲೆಯ ಅಂಕಿಗೆ ಅಂಥ ತಳವಿಲ್ಲ. ತುಂಬಿತೆಂದು ಹೇಳುವವರಿಲ್ಲದಿರುವುದೇ ಅದರ ಅಪಾಯ.

ಕೂಡಿದ್ದನ್ನು ಅಳೆದು ಕೊಡುವ ಪರಂಪರೆ ಈ ಸೀಮೆಯ ಶಿಲೆಗಳಲ್ಲಿಯೇ ಉಳಿದಿದೆ. ಇಂದಿನ ಸವದತ್ತಿ ಅಂದಿನ ಸುಗಂಧವರ್ತಿ. ಜಿನಧರ್ಮಕ್ಕೆ ಆಸರೆಯಾಗಿದ್ದ ರಟ್ಟರ ರಾಜಧಾನಿ. ರಟ್ಟ ಮನೆತನದ ಶಾಂತಿವರ್ಮನು 980ರಲ್ಲಿ ಸುಗಂಧವರ್ತಿಯಲ್ಲಿ ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿಯನ್ನು ದತ್ತಿಯಾಗಿ ಬಿಟ್ಟುಕೊಟ್ಟನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಅದೇ ಮನೆತನದ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಬೆಳಗಾವಿಯ ಕೋಟೆಯೊಳಗೆ ಕಮಲ ಬಸದಿಯನ್ನು ಕಟ್ಟಿಸಿದನು. ರಟ್ಟರು ಗೆದ್ದು ಕೂಡಿಸಿದ ನಾಡು ಇಂದು ಅವರದಾಗಿ ಉಳಿದಿಲ್ಲ. ಅಳೆದು ಬಿಟ್ಟುಕೊಟ್ಟದ್ದು ಮಾತ್ರ ಅವರ ಹೆಸರಿನಲ್ಲಿ ಕಲ್ಲಿನ ಮೇಲೆ ನಿಂತಿದೆ. ಕಿತ್ತೂರಿನ ಕಥೆಯೂ ಬೇರೆಯಲ್ಲ. ಸಂಸ್ಥಾನದ ಖಜಾನೆ 1824ರಲ್ಲಿ ಇಂಗ್ಲಿಷರ ಪಾಲಾಯಿತು. ಆದರೆ ಬೈಲಹೊಂಗಲದಲ್ಲಿರುವ ರಾಣಿ ಚೆನ್ನಮ್ಮನ ಸಮಾಧಿಗೆ ಇಂದಿಗೂ ಕೈಮುಗಿಯುವವರು ಆಕೆ ತೊರೆದದ್ದನ್ನು ನೆನೆಯುತ್ತಾರೆಯೇ ಹೊರತು ಖಜಾನೆಯಲ್ಲಿದ್ದುದನ್ನಲ್ಲ.

ಹೆಸರು ಬರೆಯಲು ಜಾಗವಿಲ್ಲದ ಬೆಟ್ಟ

ಎಲ್ಲವನ್ನೂ ಕೂಡಿಸಿದವನ ಕಥೆಯನ್ನು ಆದಿಪುರಾಣದಷ್ಟು ಆಳವಾಗಿ ಹೇಳಿದ ಗ್ರಂಥ ವಿರಳ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ 941ರಲ್ಲಿ ಮಹಾಕವಿ ಪಂಪ ಕನ್ನಡದಲ್ಲಿಯೂ ಹೇಳಿದ ಭರತ ಚಕ್ರವರ್ತಿಯ ವೃತ್ತಾಂತವದು. ಷಟ್ಖಂಡಗಳು, ಹದಿನಾಲ್ಕು ರತ್ನಗಳು, ನವನಿಧಿಗಳು ಭರತನಿಗೆ ಒದಗಿದವು. ಗೆಲ್ಲಬೇಕಾದುದೇನೂ ಉಳಿಯಲಿಲ್ಲವೆಂಬ ಹೆಮ್ಮೆಯಿಂದ ಅವನು ವೃಷಭಾಚಲಕ್ಕೆ ಬಂದು ತನ್ನ ಹೆಸರನ್ನು ಕೆತ್ತಿಸಲು ಹೊರಟನು. ಬೆಟ್ಟದ ಮೈಯಲ್ಲಿ ಜಾಗವೇ ಇರಲಿಲ್ಲ. ಹಿಂದೆ ಇದೇ ರೀತಿ ಎಲ್ಲವನ್ನೂ ಗೆದ್ದ ಅಸಂಖ್ಯ ಚಕ್ರವರ್ತಿಗಳ ಹೆಸರುಗಳು ಅಲ್ಲಿ ತುಂಬಿದ್ದವು. ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಯಿತು. ಬರೆಯುವಾಗಲೇ ಅವನಿಗೆ ಹೊಳೆದಿರಬೇಕು: ನಾಳೆ ಇನ್ನೊಬ್ಬನು ಬಂದು ಇದನ್ನೂ ಅಳಿಸುವನು. ಹೆಚ್ಚು ಅಂಕ ಗಳಿಸಿದವರ ಹೆಸರುಗಳನ್ನು ಸಾಲಾಗಿ ತೋರಿಸುವ ಇಂದಿನ ಆಟಗಳ ಪಟ್ಟಿ ಆ ವೃಷಭಾಚಲದ ಪುಟ್ಟ ಪಡಿಯಚ್ಚು.

ಇದೇ ಕಥೆಯ ಮುಂದಿನ ಭಾಗದಲ್ಲಿ ಬಾಹುಬಲಿಯು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದು, ಗೆದ್ದ ಗಳಿಗೆಯಲ್ಲಿಯೇ ಎಲ್ಲವನ್ನೂ ಬಿಟ್ಟು ನಡೆದನು. ಸೋತು ಬಿಡುವುದು ಎಲ್ಲರಿಗೂ ಅನಿವಾರ್ಯ. ಗೆದ್ದು ಬಿಡುವುದು ಬಾಹುಬಲಿಯ ಮಾರ್ಗ. ಭರತನದಾದರೂ ಕೇವಲ ಸೋಲಿನ ಕಥೆಯಲ್ಲ. ಅಷ್ಟು ಐಶ್ವರ್ಯದ ನಡುವೆಯೂ ಅಂಟಿಲ್ಲದೆ ಬಾಳಿದ್ದರಿಂದ, ದೀಕ್ಷೆ ಕೈಕೊಂಡ ಅಂತರ್ಮುಹೂರ್ತದಲ್ಲಿಯೇ ಅವನಿಗೆ ಕೇವಲಜ್ಞಾನ ಉದಯಿಸಿತೆಂದು ಪುರಾಣ ಹೇಳುತ್ತದೆ. ನವನಿಧಿಗಳಿದ್ದವನನ್ನು ನಿಧಿ ಕಟ್ಟಿಹಾಕಲಿಲ್ಲ. ಇಲ್ಲದ ನಾಣ್ಯ ಒಂದು ಮಗುವನ್ನು ಕಟ್ಟಿಹಾಕಬಲ್ಲದು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೂರ್ಛೆಯ ತತ್ತ್ವಕ್ಕೆ ಬೇರೆ ವ್ಯಾಖ್ಯಾನ ಬೇಕಾಗದು.

ಚೆದುರಿದ ಉಂಗುರಗಳು

ಸೇಗಾ ಕಂಪನಿ 1991ರಲ್ಲಿ ಹೊರತಂದ ‘ಸೋನಿಕ್’ ಎಂಬ ಆಟದಲ್ಲಿ ನಾಣ್ಯದ ಬದಲು ಬಂಗಾರದ ಉಂಗುರಗಳು. ಅದರ ನಿಯಮವೊಂದು ವಿಚಾರಯೋಗ್ಯವಾಗಿದೆ. ಉಂಗುರವಿರುವಾಗ ವೈರಿ ತಗುಲಿದರೆ ಪ್ರಾಣ ಉಳಿಯುತ್ತದೆ, ಆದರೆ ಕೈಯಲ್ಲಿದ್ದ ಉಂಗುರಗಳೆಲ್ಲ ಒಮ್ಮೆಲೇ ಚೆದುರಿಹೋಗುತ್ತವೆ. ಒಂದೇ ಉಂಗುರವಿದ್ದವನಿಗೂ ಅಷ್ಟೇ ರಕ್ಷಣೆ, ತೊಂಬತ್ತು ಇದ್ದವನಿಗೂ ಅಷ್ಟೇ ರಕ್ಷಣೆ. ಕಾಪಾಡುವುದಕ್ಕೆ ಒಂದು ಸಾಕು. ಉಳಿದ ಎಂಬತ್ತೊಂಬತ್ತು ಹೆಚ್ಚಿಸುವುದು ಕಳೆದುಕೊಳ್ಳುವ ಸಂಕಟವನ್ನು ಮಾತ್ರ. ಅವಶ್ಯಕತೆ ಯಾವುದು, ಸಂಗ್ರಹ ಯಾವುದು ಎಂಬ ಭೇದವನ್ನು ಮಕ್ಕಳಿಗೆ ತಿಳಿಸಹೊರಟ ಅಜ್ಜ ಅಜ್ಜಿಯರಿಗೆ ಅವರದೇ ಆಟದಿಂದ ದೊರೆಯುವ ದೃಷ್ಟಾಂತವಿದು.

ಕೂಡಿಸಿದ್ದು ಅಳಿದಾಗ ಮಗು ಅಳುವುದನ್ನು ಕಂಡು ಹಿರಿಯರು ನಗುವುದುಂಟು. ಹಾಗೆ ನಗುವುದು ಸಲ್ಲದು. ನಾಣ್ಯ ಸುಳ್ಳಾದರೂ ಅಳು ಸುಳ್ಳಲ್ಲ. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಇಷ್ಟವಿಯೋಗವೂ ಒಂದು. ಪ್ರಿಯವಾದುದು ಅಗಲಿತೆಂದು ಮನಸ್ಸು ಅದನ್ನೇ ಸುತ್ತುವುದು. ರೌದ್ರಧ್ಯಾನದ ನಾಲ್ಕರಲ್ಲಿ ಪರಿಗ್ರಹಾನಂದವೂ ಒಂದು. ಕೂಡಿಸಿ ಕಾಯುವುದರಲ್ಲಿಯೇ ಹಿಗ್ಗುವುದು. ಈ ಎರಡರ ನಡುವೆ ತೂಗಾಡುವುದನ್ನು ಮಗು ಮೊಬೈಲಿನಲ್ಲಿ ಮೊದಲ ಸಲ ಅನುಭವಿಸುತ್ತದೆ. ಹಿರಿಯರು ಅದನ್ನೇ ಹತ್ತಿಯ ದರದಲ್ಲಿ, ನಿವೇಶನದ ಬೆಲೆಯಲ್ಲಿ, ಷೇರು ಪೇಟೆಯ ಏರಿಳಿತದಲ್ಲಿ ನಿತ್ಯವೂ ಅನುಭವಿಸುತ್ತಾರೆ. ಪರದೆ ಬೇರೆ, ಮೂಲೆಯ ಅಂಕಿ ಒಂದೇ.

ಭಾವದಿಂದಲೇ ಬಂಧವೆಂಬ ಮಾತಿಗೆ ಕನ್ನಡದ ಜೈನ ಕಾವ್ಯದಲ್ಲಿ ಪ್ರಸಿದ್ಧ ಸಾಕ್ಷಿಯುಂಟು. 1209ರಲ್ಲಿ ಜನ್ನ ರಚಿಸಿದ ಯಶೋಧರ ಚರಿತೆಯಲ್ಲಿ ಯಶೋಧರ ರಾಜನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಸತ್ತದ್ದು ಬರಿಯ ಹಿಟ್ಟು. ಆದರೂ ಆ ಸಂಕಲ್ಪಹಿಂಸೆಯಿಂದ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಗುತ್ತದೆ. ಹಿಟ್ಟಿನ ಕೋಳಿಗೂ ಬೆಳಕಿನ ನಾಣ್ಯಕ್ಕೂ ನೆಂಟಸ್ತನವಿದೆ. ಎರಡೂ ನಿಜವಾದ ವಸ್ತುವಿನ ಸ್ಥಾನದಲ್ಲಿ ನಿಂತ ತೋರಿಕೆಗಳು, ಎರಡರಲ್ಲಿಯೂ ಮನಸ್ಸು ಮಾಡಿದ ಕೆಲಸ ಮಾತ್ರ ನಿಜ. ಹಾಗೆಂದು ಆಡುವ ಮಗುವನ್ನು ಯಶೋಧರನೊಡನೆ ಸಮವಾಗಿ ತೂಗುವುದು ನ್ಯಾಯವಲ್ಲ. ರಾಜನು ಬಲಿಯೆಂದು ತಿಳಿದೇ ಕತ್ತಿಯೆತ್ತಿದನು. ಮಗು ಆಟವೆಂದು ತಿಳಿದು ಆಡುತ್ತದೆ. ಆಟ ಆಟವಾಗಿ ಉಳಿದಷ್ಟು ಕಾಲ ಅದರ ಲೇಪ ತೆಳುವಾದುದು. ಅದು ಹಟವಾಗಿ, ಹಂಬಲವಾಗಿ ಮಾರ್ಪಡುವ ಗೆರೆಯನ್ನು ಗುರುತಿಸುವುದೇ ವಿವೇಕ.

ಹತ್ತನೆಯ ಮೆಟ್ಟಿಲಿನ ಲೋಭ

ಆಟದ ಮೂಲಕ ಧರ್ಮ ಹೇಳುವುದು ಜೈನರಿಗೆ ಹೊಸತಲ್ಲ. ಇಂದು ಹಾವು ಏಣಿಯೆಂದು ಮಕ್ಕಳು ಆಡುವ ಆಟದ ಹಳೆಯ ರೂಪ ಜ್ಞಾನ ಚೌಪಡ. ಅದರ ಜೈನ ಪಟಗಳಲ್ಲಿ 84 ಮನೆಗಳಿರುತ್ತವೆ. ಪುಣ್ಯದ ಮನೆಯಿಂದ ಏಣಿ ಮೇಲಕ್ಕೆ ಒಯ್ದರೆ ಪಾಪದ ಮನೆಯಿಂದ ಹಾವು ಕೆಳಕ್ಕೆ ಎಳೆಯುತ್ತದೆ. ಪಟದ ನೆತ್ತಿಯ ಮೇಲೆ ಸಿದ್ಧರ ನೆಲೆ. ಆ ಆಟದಲ್ಲಿ ಆರಿಸಿಕೊಳ್ಳಲು ನಾಣ್ಯವೂ ಇಲ್ಲ, ಕೂಡಿಡಲು ಚೀಲವೂ ಇಲ್ಲ. ಕಾಯಿ ಏರುವಾಗ ತನ್ನೊಡನೆ ಏನನ್ನೂ ಒಯ್ಯುವುದಿಲ್ಲ.

ಆಗಮಗಳು ಹೇಳುವ ಹದಿನಾಲ್ಕು ಗುಣಸ್ಥಾನಗಳು ಆತ್ಮದ ಏರುದಾರಿಯ ಮೆಟ್ಟಿಲುಗಳು. ಮಿಥ್ಯಾತ್ವದ ಮೊದಲ ಮೆಟ್ಟಿಲಿನಿಂದ ತೊಡಗಿ, ಸಮ್ಯಗ್ದೃಷ್ಟಿಯ ನಾಲ್ಕನೆಯದು, ಅಣುವ್ರತಿ ಶ್ರಾವಕನ ಐದನೆಯದು, ಮುನಿಗಳ ಆರು ಏಳನೆಯವು ಹೀಗೆ ಏರುತ್ತ ಹೋಗಬೇಕು. ವಿಡಿಯೊ ಗೇಮಿನ ಕಟ್ಟೆಗಳನ್ನು ಕೂಡಿಸುತ್ತ ಏರಿದರೆ ಈ ಮೆಟ್ಟಿಲುಗಳನ್ನು ಕಳೆಯುತ್ತ ಏರಬೇಕು. ಒಂದೊಂದು ಹೆಜ್ಜೆಗೂ ಒಂದೊಂದು ಕಷಾಯದ ಹೊರೆ ಇಳಿಯಬೇಕು. ಹತ್ತನೆಯ ಗುಣಸ್ಥಾನದ ಹೆಸರು ಸೂಕ್ಷ್ಮಸಾಂಪರಾಯ. ಅಲ್ಲಿಗೆ ಬರುವಷ್ಟರಲ್ಲಿ ಕ್ರೋಧ ಹೋಗಿದೆ, ಮಾನ ಹೋಗಿದೆ, ಮಾಯೆ ಹೋಗಿದೆ. ಇನ್ನೂ ಹೋಗದೆ ಉಳಿದಿರುವುದು ಒಂದೇ ಒಂದು: ಸೂಕ್ಷ್ಮವಾದ ಲೋಭ. ಎಲ್ಲಕ್ಕಿಂತ ಕೊನೆಗೆ ಬಿಡುವುದು ಲೋಭವೆಂದು ಕರ್ಮಸಿದ್ಧಾಂತವೇ ಹೇಳಿರುವಾಗ, ಎರಡು ನಾಣ್ಯಕ್ಕಾಗಿ ಏಳಲಾರದ ಹತ್ತು ವರ್ಷದ ಮಗುವನ್ನು ಕಠಿಣವಾಗಿ ಜರೆಯುವುದಕ್ಕೆ ಹಿರಿಯರಿಗೆ ಬಾಯಿ ಬಾರದು.

ಹತ್ತನೆಯ ಮೆಟ್ಟಿಲಿನಿಂದ ಮುಂದೆ ಎರಡು ದಾರಿಗಳು. ಕಷಾಯಗಳನ್ನು ಅದುಮಿ ಬಂದ ಜೀವ ಹನ್ನೊಂದನೆಯ ಉಪಶಾಂತಮೋಹಕ್ಕೆ ಏರುತ್ತದೆ. ಆದರೆ ಅಲ್ಲಿ ನಿಲ್ಲಲಾರದೆ ಮತ್ತೆ ಕೆಳಗೆ ಜಾರುತ್ತದೆ. ಮಳೆಗಾಲದ ಮಲಪ್ರಭೆಯ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಕೆಸರು ತಳಕ್ಕೆ ಕೂತು ಮೇಲೆ ತಿಳಿಯಾಗುತ್ತದೆ. ಕೊಡ ಅಲುಗಿದರೆ ಮತ್ತೆ ಅದೇ ರಾಡಿ. ಕಷಾಯಗಳನ್ನು ಬೇರುಸಹಿತ ಕಿತ್ತು ಬಂದ ಜೀವವಾದರೋ ಹನ್ನೊಂದನ್ನು ಮುಟ್ಟದೆಯೇ ದಾಟಿ ನೇರವಾಗಿ ಹನ್ನೆರಡನೆಯ ಕ್ಷೀಣಮೋಹದಲ್ಲಿ ನೆಲೆಗೊಳ್ಳುತ್ತದೆ, ಅಲ್ಲಿಂದ ಪತನವಿಲ್ಲ. ಮಕ್ಕಳನ್ನು ತಿದ್ದುವ ಪಾಲಕರಿಗೆ ಇಲ್ಲಿ ಗಂಭೀರವಾದ ಪಾಠವಿದೆ. ಮೊಬೈಲನ್ನು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಉಪಶಮ. ಬೀಗ ತೆರೆದ ದಿನ ಆಸೆ ಇಮ್ಮಡಿಯಾಗಿ ಮರಳುತ್ತದೆ. ಮಗು ತಾನಾಗಿಯೇ ಸಾಕೆಂದು ಕೆಳಗಿಡುವಂತೆ ಕಲಿಸುವುದು ಕ್ಷಯದ ದಾರಿ. ಅದು ನಿಧಾನ, ಆದರೆ ಬಾಳಿಕೆಯದು.

ನಿಯಮವೆಂಬ ಕಟ್ಟೆ

ಈ ಕಲಿಕೆಗೆ ಬೇಕಾದ ಸಾಧನಗಳನ್ನು ಶ್ರಾವಕಾಚಾರವೇ ಒದಗಿಸಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದಾರೆ: ಬದುಕಿರುವವರೆಗಿನ ತ್ಯಾಗ ಯಮ, ಗೊತ್ತಾದ ಕಾಲದವರೆಗಿನ ತ್ಯಾಗ ನಿಯಮ. ಮಗುವಿಗೆ ಯಮವನ್ನು ಹೇರುವುದು ಅವಿವೇಕ; ನಿಯಮವನ್ನು ಅದರ ಬಾಯಿಂದಲೇ ಹೇಳಿಸುವುದು ಜಾಣತನ. ಸಾಮಾಯಿಕಕ್ಕೆ ಹಿರಿಯರು ಬಳಸುವ ಅಳತೆ ಒಂದು ಮುಹೂರ್ತ, ಎಂದರೆ 48 ನಿಮಿಷ. ಅದೇ ಅಳತೆಯನ್ನು ಆಟಕ್ಕೂ ಮೇಲ್ಮಿತಿಯಾಗಿ ಇಡಬಹುದು. ಪರ್ವತಿಥಿಗಳಲ್ಲಿ, ಸೂರ್ಯಾಸ್ತದ ಊಟದ ಹೊತ್ತಿನಲ್ಲಿ, ಬಸದಿಗೆ ಹೋಗುವ ಮುನ್ನ ಆಟವಿಲ್ಲವೆಂಬುದು ಇನ್ನೊಂದು ನಿಯಮವಾಗಬಹುದು.

ಸಮಂತಭದ್ರರು ಐದನೆಯ ಅಣುವ್ರತಕ್ಕೆ ಹೇಳಿದ ಅತಿಚಾರಗಳೂ ಇಲ್ಲಿ ದಾರಿ ತೋರುತ್ತವೆ. ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಾಹನ ಎಂದು ಅವು ಐದು. ಲಾಭದಾಸೆಗೆ ಎತ್ತುಗಳನ್ನು ಶಕ್ತಿ ಮೀರಿ ನಡೆಸುವುದು, ಮಿತಿ ಮೀರಿ ಭಾರ ಹೇರುವುದು ತಪ್ಪೆಂದು ಆಚಾರ್ಯರು ಅಂದು ಎಚ್ಚರಿಸಿದರು. ಹತ್ತಿಯ ಚಕ್ಕಡಿ ಹೂಡಿ ಗೊತ್ತಿರುವ ಈ ಭಾಗದ ರೈತನಿಗೆ ಅದು ಸುಲಭವಾಗಿ ತಿಳಿಯುತ್ತದೆ. ಇಂದು ಶಕ್ತಿ ಮೀರಿ ದುಡಿಯುತ್ತಿರುವ ಎತ್ತುಗಳು ಮಗುವಿನ ಎರಡು ಕಣ್ಣುಗಳು. ಇನ್ನೊಬ್ಬನ ಗಳಿಕೆಯನ್ನು ಕಂಡು ಬೆರಗಾಗಿ ಕರುಬುವ ಅತಿವಿಸ್ಮಯವೂ ಇಂದಿನ ಅಂಕಪಟ್ಟಿಗಳ ಮುಂದೆ ದಿನವೂ ನಡೆಯುವುದೇ ಆಗಿದೆ.

ಸಣ್ಣ ಅಭ್ಯಾಸವೊಂದನ್ನು ಮನೆಗಳಲ್ಲಿ ರೂಢಿಸಬಹುದು. ಆಟ ನಿಲ್ಲಿಸುವಾಗ ಕಣ್ಣೆದುರಿನ ಒಂದು ನಾಣ್ಯವನ್ನು ಆರಿಸಿಕೊಳ್ಳಲು ಸಾಧ್ಯವಿದ್ದೂ ಬೇಕೆಂದೇ ಬಿಟ್ಟು ಎದ್ದುಬರುವುದು. ತೊಂಬತ್ತೊಂಬತ್ತಕ್ಕೆ ನಿಲ್ಲುವುದು. ಇದು ಕೇಳಲು ಅಲ್ಪವಾದರೂ ಮಾಡಲು ಅಲ್ಪವಲ್ಲ. ಕೈಗೆಟುಕುವುದನ್ನು ಮನಸಾರೆ ಬಿಡುವ ಶಕ್ತಿ ಒಮ್ಮೆ ಮೊಳೆತರೆ ಮುಂದೆ ಅದು ನಾಣ್ಯಕ್ಕಷ್ಟೇ ಸೀಮಿತವಾಗಿ ಉಳಿಯದು. ದಶಲಕ್ಷಣ ಪರ್ವದ ಎಂಟನೆಯ ದಿನದ ಉತ್ತಮ ತ್ಯಾಗ, ಒಂಬತ್ತನೆಯ ದಿನದ ಉತ್ತಮ ಆಕಿಂಚನ್ಯಗಳನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಪ್ರಯೋಗ ಇನ್ನೊಂದಿಲ್ಲ.

ಒಂದು ಗೆರೆಯನ್ನು ಮಾತ್ರ ಯಾವ ಸಡಿಲಿಕೆಯೂ ಇಲ್ಲದೆ ಎಳೆಯಬೇಕು. ಆಟಕ್ಕೆ ನಿಜವಾದ ಹಣ ಸೇರಿದಾಗ ಅದು ಆಟವಾಗಿ ಉಳಿಯುವುದಿಲ್ಲ. ಸಪ್ತವ್ಯಸನಗಳಲ್ಲಿ ಮೊದಲು ಹೇಳುವುದು ದ್ಯೂತವನ್ನು. ಪಗಡೆಯ ಹಾಸಿನ ಮೇಲೆ ರಾಜ್ಯವನ್ನು, ತಮ್ಮಂದಿರನ್ನು, ಕೊನೆಗೆ ದ್ರೌಪದಿಯನ್ನು ಪಣಕ್ಕಿಟ್ಟ ಧರ್ಮರಾಯನ ಕಥೆಯನ್ನು ಪಂಪನೂ ಹೇಳಿದ್ದಾನೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಕಾಯಿಲೆಯ ಲಕ್ಷಣಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ್ದು, ಆ ವರ್ಗೀಕರಣ 2022ರಿಂದ ಜಾರಿಯಲ್ಲಿದೆ. ಅಂಥ ಲಕ್ಷಣ ಕಂಡಲ್ಲಿ ಉಪದೇಶವೊಂದನ್ನೇ ನೆಚ್ಚದೆ ವೈದ್ಯರ ನೆರವು ಪಡೆಯುವುದು ಪಾಲಕರ ಕರ್ತವ್ಯ.

ಎಣಿಕೆಯ ಜಪಮಾಲೆ

ಕೊನೆಗೆ ಉಳಿಯುವುದು ಹಿರಿಯರ ಆತ್ಮಪರೀಕ್ಷೆ. ಧರ್ಮಾಚರಣೆಯೇ ಎಷ್ಟೋ ಸಲ ಕೂಡಿಸುವ ಆಟವಾಗಿಬಿಡುತ್ತದೆ. ಎಷ್ಟು ತೀರ್ಥಕ್ಷೇತ್ರ ನೋಡಿದ್ದಾಯಿತು, ಎಷ್ಟು ಉಪವಾಸ ಮುಗಿಯಿತು, ಎಷ್ಟು ಲಕ್ಷ ಜಪ ತುಂಬಿತು, ದಾನಿಗಳ ಫಲಕದಲ್ಲಿ ಹೆಸರು ಎಷ್ಟನೆಯ ಸಾಲಿನಲ್ಲಿದೆ ಎಂಬ ಎಣಿಕೆ ಮನಸ್ಸಿನ ಮೂಲೆಯಲ್ಲಿ ಏರುತ್ತಲೇ ಇರುತ್ತದೆ. ಎಣಿಕೆ ಸಾಧನೆಗೆ ಸಹಾಯಕವಾಗಿರುವವರೆಗೆ ಒಳ್ಳೆಯದು. ಎಣಿಕೆಯೇ ಸಾಧನೆಯಾದಾಗ ಜಪಮಾಲೆಯ ಮಣಿಗೂ ಪರದೆಯ ನಾಣ್ಯಕ್ಕೂ ಅಂತರ ಉಳಿಯದು. ಫಲವನ್ನು ಬಯಸಿ ಮಾಡಿದ ತಪಸ್ಸನ್ನು ನಿದಾನವೆಂಬ ಶಲ್ಯವೆಂದು ಆಚಾರ್ಯರು ಕರೆದರು. ಶಲ್ಯವೆಂದರೆ ಮುಳ್ಳು, ಮುಳ್ಳು ಹೊಕ್ಕ ಕಾಲಿನಿಂದ ಬೆಟ್ಟ ಹತ್ತಲಾಗದು.

ಮಕ್ಕಳು ಹಿರಿಯರ ಮಾತಿಗಿಂತ ನಡೆಯನ್ನು ಹೆಚ್ಚು ನೋಡುತ್ತಾರೆ. ಅಪ್ಪನ ಮೊಬೈಲು ಊಟದ ಹೊತ್ತಿಗೆ ಕೆಳಗಿಳಿದರೆ ಮಗನದೂ ಇಳಿಯುತ್ತದೆ. ಅವ್ವ ಕಪಾಟಿನ ಸೀರೆಗಳಿಗೊಂದು ಪರಿಮಾಣ ಗೊತ್ತುಮಾಡಿದರೆ ಮಗಳೂ ತನ್ನ ನಕ್ಷತ್ರಗಳಿಗೊಂದು ಪರಿಮಾಣ ಗೊತ್ತುಮಾಡುತ್ತಾಳೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಒಂದೊಂದು ನಿಯಮ ಹಿಡಿದರೆ ಮಗುವಿಗೆ ಅದು ಶಿಕ್ಷೆಯೆನಿಸದೆ ಕುಲಾಚಾರವೆನಿಸುತ್ತದೆ. ಸಿದ್ಧಶಿಲೆಯನ್ನು ಸೇರಿದವರಲ್ಲಿ ಯಾರೊಬ್ಬರೂ ಏನನ್ನೂ ಹೊತ್ತು ಅಲ್ಲಿಗೆ ಹೋದವರಲ್ಲ. ಆ ದಾರಿಯಲ್ಲಿ ಮೊದಲ ಹೆಜ್ಜೆ ಯಾವುದೆಂದು ಕೇಳುವ ಮಗುವಿಗೆ ಹಿರಿಯರು ಧೈರ್ಯವಾಗಿ ಹೇಳಬಹುದು: ಸಿಗುವಂತಿದ್ದ ಒಂದು ನಾಣ್ಯವನ್ನು ನಗುತ್ತ ಬಿಟ್ಟು, ಹೊತ್ತು ಮುಳುಗುವ ಮೊದಲು ಊಟಕ್ಕೆ ಏಳುವುದು.